ಮೂರು ಸೆಕೆಂಡಿನ ಮುಖ

ಭಾನುವಾರ ಬೆಳಗ್ಗೆ ಕೋಳಿ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತರೂ ಯಾಕೆ ನಿಂತಿದ್ದೀಯೆಂದು ಯಾರೂ ಕೇಳುವುದಿಲ್ಲ. ಆ ಒಂದೇ ಧೈರ್ಯದಿಂದ ಲಕ್ಷ್ಮಿಕಾಂತ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಎಂಟು ಗಂಟೆಯಿಂದ ನಿಂತಿದ್ದ, ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಕೋಳಿ ತಿನ್ನದವನು. ಒಳಗೆ ಮರದ ದಿಮ್ಮಿಯ ಮೇಲೆ ಕತ್ತಿ ಬೀಳುತ್ತಿತ್ತು. ಬಿದ್ದಾಗಲೊಮ್ಮೆ ಅವನ ಬಲಗೆನ್ನೆ ಅದುರುತ್ತಿತ್ತು. ಆದರೂ ಕಣ್ಣು ತೆಗೆಯಲಾಗುತ್ತಿರಲಿಲ್ಲ. ನೀಲಿ ಡ್ರಮ್ಮಿಗೆ ಎಸೆದ ಕೋಳಿ ಒಳಗಿನಿಂದ ಡ್ರಮ್ಮು ಬಡಿಯುವುದು, ಬಡಿತ ವಿರಳವಾಗುವುದು, ಆಮೇಲೆ ನಿಲ್ಲುವುದು. ಮೂರು ಕೋಳಿ ನೋಡಿ ಹೊರಟುಬಿಡುತ್ತೇನೆ ಅಂದುಕೊಂಡಿದ್ದವನು ಹನ್ನೊಂದನೆಯದನ್ನು ನೋಡುತ್ತಿದ್ದ. ಕಗ್ಗದಾಸಪುರದಲ್ಲಿ ಅವನಿರುವ ಕಟ್ಟಡದಲ್ಲೇ ರೊಟ್ಟಿ ಮಾಡಿ ಮಾರುವ ಜಟ್ಟೆಮ್ಮನ ಕೋಣೆ ಅಲ್ಲಿಂದ ಕಾಲುಗಂಟೆಯ ದಾರಿ. ಹೋಗಿ ಎರಡು ಮಾತು ಹೇಳಬೇಕಾಗಿತ್ತು. ಇವತ್ತು ಪ್ರಾರ್ಥನೆಗೆ ಹೋಗಬೇಡ, ಹತ್ತು ಗಂಟೆಗೆ ಹೊಡೆಯಲು ಬರುತ್ತಿದ್ದಾರೆ ಎಂಬುದು ಮೊದಲನೆಯದು. ಅದನ್ನು ಯಾರು ಬೇಕಾದರೂ ಹೇಳಬಹುದು. ಅವರು ಬರುತ್ತಿರುವುದು ನನ್ನಿಂದ ಎಂಬುದು ಎರಡನೆಯದು; ಅದನ್ನು ಅವನೊಬ್ಬನೇ ಹೇಳಬೇಕು. ಎರಡನೆಯದನ್ನು ನುಂಗಿಕೊಂಡು ಮೊದಲನೆಯದನ್ನಷ್ಟೇ ಹೇಳುವುದು ಹೇಗೆಂದು ನಿನ್ನೆ ಸಂಜೆಯಿಂದ ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು.

"ಎಷ್ಟು ಕೊಡ್ಲಿ ಸಾರ್?" ಎಂದ ಅಂಗಡಿಯವನು, ಕತ್ತಿ ಒರೆಸುತ್ತ.

"ಏನೂ ಬೇಡ, ಸುಮ್ಮನೆ ನಿಂತಿದ್ದೇನೆ."

ಅಷ್ಟು ಸಾಕಾಯಿತು. "ಅರೆ, ಈ ವಾಯ್ಸು! ಟಿವಿಲಿ ಬರ್ತದಲ್ಲಾ, ಅದು ನೀವೇನಾ?" ಎಂದವನೇ ಸಾಲಿನಲ್ಲಿ ನಿಂತವರ ಕಡೆ ತಿರುಗಿ, ಎದೆಯುಬ್ಬಿಸಿ, "ಬೆಚ್ಚಿಬೀಳಿಸುವ ಸತ್ಯ! ನಿಮ್ಮ ಪಕ್ಕದ ಬೀದಿಯಲ್ಲೇ!" ಎಂದು ಕೂಗಿ ತೋರಿಸಿದ. ಎಲ್ಲರೂ ನಕ್ಕರು. ಲಕ್ಷ್ಮಿಕಾಂತನೂ ನಕ್ಕ. ನಗುತ್ತಲೇ ಆ ಕತ್ತಿ ಕಸಿದು ಅವನ ಬಾಯಿಗೆ ಹಾಕಿದರೆ ಹೇಗಿರುತ್ತದೆ ಎಂದುಕೊಂಡ. ಹಲ್ಲು ಯಾವ ಕಡೆಗೆ ಹಾರುತ್ತದೆ ಎಂಬುದನ್ನೂ ಕಂಡ. ತನ್ನಲ್ಲಿ ಇಂಥದು ಇತ್ತೀಚೆಗೆ ದಿನಕ್ಕೆ ನಾಲ್ಕಾರು ಸಲ ಏಳುತ್ತದೆ ಎಂದು ಅವನಿಗೆ ಗೊತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಅಲ್ಲಿಂದ ಕಗ್ಗದಾಸಪುರದ ಕಡೆ ಹೆಜ್ಜೆ ಹಾಕಿದ.

ಆ ದನಿಯೇನು ಹುಟ್ಟಿನಿಂದ ಬಂದದ್ದಲ್ಲ. ಯಾದಗಿರಿ ಕಡೆಯಿಂದ ಬಂದ ಹೊಸತರಲ್ಲಿ ಅವನು ಬಾಯಿಬಿಟ್ಟರೆ ಇಂದಿರಾನಗರದ ಆಫೀಸಿನಲ್ಲಿ ನಗೆ ಏಳುತ್ತಿತ್ತು. ಬುಲೆಟಿನ್ ನೋಡಿಕೊಳ್ಳುವ ಪ್ರಿಯದರ್ಶಿನಿ ಮೇಡಂ ಅವನನ್ನು ಎಲ್ಲರೆದುರು ನಿಲ್ಲಿಸಿ ಒಂದೇ ವಾಕ್ಯವನ್ನು ಹದಿನೆಂಟು ಸಲ ಓದಿಸಿದ್ದರು, ಹತ್ತೊಂಬತ್ತನೆಯ ಸಲ "ಈಗ ಮನುಷ್ಯ ಆದೆ ನೋಡು" ಎಂದಿದ್ದರು. ಈಗ ಊರಿಗೆ ಫೋನ್ ಮಾಡಿದರೆ ಅವ್ವ, ಯಾಕೋ ಪೊಲೀಸರಂಗ ಮಾತಾಡ್ತಿ ಅನ್ನುತ್ತಾಳೆ. ಚಿಕ್ಕ ಚಾನೆಲ್ಲು, ಬರೆಯುವವನೂ ಕತ್ತರಿಸುವವನೂ ದನಿ ಕೊಡುವವನೂ ಅವನೇ. ನೂರಡಿ ರಸ್ತೆಯ ಹಿಂದಿನ ಹಳೇ ಬಂಗಲೆಯೊಂದು ಆಫೀಸು, ಅದರ ದೇವರ ಮನೆ ಅವನ ಎಡಿಟಿಂಗ್ ಕೋಣೆ. ಎಷ್ಟು ಸಲ ಬಣ್ಣ ಬಳಿದರೂ ದೀಪದ ಜಿಡ್ಡು ಎದ್ದು ಬರುವ ಗೋಡೆಗೆ ಬೆನ್ನುಕೊಟ್ಟು ಅವನು ಗುರುವಾರ ಮಧ್ಯಾಹ್ನ ಆ ವಿಡಿಯೋ ಕತ್ತರಿಸಿದ್ದ. ಚಾನೆಲ್ಲಿನವರು ತೆಗೆದ ವಿಡಿಯೋ ಅಲ್ಲ ಅದು. ಕಗ್ಗದಾಸಪುರದ ಒಂದು ತಗಡಿನ ಶೆಡ್ಡಿನಲ್ಲಿ ಭಾನುವಾರ ಪ್ರಾರ್ಥನೆ ನಡೆಸುವ ಪಾಸ್ಟರ್ ಈರೇಶ ತಾನೇ ತೆಗೆಸಿದ್ದು. ಹೊರದೇಶದ ಒಂದು ಟ್ರಸ್ಟು ಅವನಿಗೆ ದುಡ್ಡು ಕಳಿಸುತ್ತಿತ್ತು, ದುಡ್ಡಿಗೆ ತಕ್ಕ ವಿಡಿಯೋ ಕೇಳುತ್ತಿತ್ತು. ಅವನು ಇದ್ದಬದ್ದವರನ್ನು ಕೂರಿಸಿ, ಕೆಳಗೆ ಇಂಗ್ಲಿಷಿನಲ್ಲಿ ಐನೂರು ಕುಟುಂಬ ಎಂದು ಬರೆಸಿ ಕಳಿಸಿದ್ದ. ಅದು ಯಾರ ಮೂಲಕವೋ ಚಾನೆಲ್ಲಿನ ಕೈಗೂ ಬಂದಿತ್ತು, ಚಾನೆಲ್ಲಿಗೂ ಐನೂರೇ ಬೇಕಾಗಿತ್ತು. ಲಕ್ಷ್ಮಿಕಾಂತ ಪರದೆಯ ಮೇಲೆ ಬೆರಳಿಟ್ಟು ತಲೆ ಎಣಿಸಿದ, ನಲವತ್ತೊಂದು. ಎಣಿಸಿಯಾದ ಮೇಲೆ "ಡಾಲರ್ ದೇವರು! ಕಗ್ಗದಾಸಪುರದಲ್ಲಿ ಐನೂರು ಕುಟುಂಬಗಳ ಮತಾಂತರ!" ಎಂದು ಬರೆದು, ಅದನ್ನೇ ಗಂಟಲು ಹರಿಯುವಂತೆ ಓದಿದ. ಶನಿವಾರ ಒಂದು ಇಂಗ್ಲಿಷ್ ವೆಬ್‌ಸೈಟಿನ ವರದಿಗಾರ್ತಿ ಸೌಂದರ್ಯಾ ಫೋನ್ ಮಾಡಿ, ಇದೆಲ್ಲ ಕಟ್ಟುಕತೆ ಅಲ್ಲವಾ, ಹೊರಗಿನ ದುಡ್ಡೇ ಇಲ್ಲ ಅಲ್ಲವಾ ಎಂದು ಕೇಳಿದ್ದಳು. ದುಡ್ಡು ಇದೆ ಮೇಡಂ, ಐನೂರು ಕುಟುಂಬ ಇಲ್ಲ ಎಂದಿದ್ದ ಇವನು. "ದುಡ್ಡಿನ ವಿಷಯ ಈ ಸ್ಟೋರಿಗೆ ಬೇಡ ಬಿಡಿ, ಓದೋರಿಗೆ ಕನ್ಫ್ಯೂಸ್ ಆಗುತ್ತೆ," ಎಂದಳು ಅವಳು, ಬಹಳ ಮರ್ಯಾದೆಯಿಂದ.

ಎಲ್ಲರ ಮುಖವನ್ನೂ ಅವನು ಮಸುಕು ಮಾಡಿದ್ದ. ಅದೊಂದು ನಿಯಮ, ಅದನ್ನು ಅವನು ಮುರಿದವನಲ್ಲ. ಮುಖದ ಮೇಲೆ ಒಂದು ಬ್ಲರ್ ಕೂರಿಸಿದರೆ ಮುಖ ಹೋದ ಕಡೆಯೆಲ್ಲ ಅದು ತಾನಾಗಿ ಹೋಗುತ್ತದೆ. ಗಕ್ಕನೆ ಅಲುಗಿದರೆ ಮಾತ್ರ ಹಿಂದೆ ಬೀಳುತ್ತದೆ. ಶೆಡ್ಡಿನಲ್ಲಿದ್ದವರು ಪಾಸ್ಟರ್ ಕಲಿಸಿದ ಹಾಗೆ ಕೈ ಎತ್ತಿ, ಕಣ್ಣು ಮುಚ್ಚಿ, ಕೂತಲ್ಲಿಂದ ಅಲುಗದೆ ಪ್ರಾರ್ಥಿಸುತ್ತಿದ್ದರು. ಒಬ್ಬಳು ಮಾತ್ರ ಎದ್ದು ಗೋಡೆಯ ಶಿಲುಬೆಯ ಮುಂದೆ ಹೋಗಿ, ಎಲ್ಲಮ್ಮನ ಗುಡಿಯಲ್ಲಿ ಹೇಗೋ ಹಾಗೆ, ಉದ್ದಕ್ಕೆ ಅಡ್ಡಬಿದ್ದು, ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು ಎರಡೂ ಗಲ್ಲ ಬಡಿದುಕೊಂಡಳು. ಬ್ಲರ್ ನೆಲದ ಮೇಲೇ ಉಳಿಯಿತು, ಮುಖ ಮೇಲೆ ಬಂತು. ಮೂರು ಸೆಕೆಂಡು. ಜಟ್ಟೆಮ್ಮ. ಪಕ್ಕದ ಕಂಪ್ಯೂಟರಿನಲ್ಲಿದ್ದ ನಾಜಿಶ್ ಕೂಡ ಕಂಡು, "ಲಕ್ಷ್ಮಿಕಾಂತ್, ಆ ಆಂಟಿ ಮುಖ ಓಪನ್ ಇದೆ, ನೋಡ್ಕೊಳ್ಳಿ," ಎಂದಳು. ಸರಿಪಡಿಸಲು ನಾಲ್ಕು ನಿಮಿಷ ಬೇಕು, ಬುಲೆಟಿನ್ನಿಗೆ ಮೂರು ನಿಮಿಷವಿತ್ತು, ಮೇಡಂ ಬಾಗಿಲಲ್ಲಿ ನಿಂತು ಚಿಟಿಕೆ ಹೊಡೆಯುತ್ತಿದ್ದರು. ಮೂರೇ ಸೆಕೆಂಡು, ಯಾರು ನೋಡ್ತಾರೆ ಎಂದು ಬಿಟ್ಟುಬಿಟ್ಟ. ಇಷ್ಟನ್ನು ಅವನು ಯಾರಿಗಾದರೂ ಹೇಳಬಲ್ಲ, ಕೆಲಸದ ಒತ್ತಡ ಅನ್ನಬಲ್ಲ. ಹೇಳಲಾಗದ್ದು ಬೇರೆ ಇತ್ತು: ಆ ಮುಖ ಕಂಡ ಗಳಿಗೆಯಲ್ಲಿ ಅವನಿಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಎಲ್ಲರ ಹಾಗೆ ಸುಮ್ಮನೆ ಕೂರಲು ಈಕೆಗೇನು ರೋಗ ಎಂಬ ಸಿಟ್ಟು. ನಲವತ್ತು ಮುಖ ಮಸುಕಾಗಿ ಒಂದು ಮಾತ್ರ ಕಂಡದ್ದರಿಂದ, ಕಂಡದ್ದೇ ಎಲ್ಲರ ಕಣ್ಣಿಗೆ ಮುಖ್ಯವಾಯಿತು. ಸಂಜೆಯ ಹೊತ್ತಿಗೆ ಯಾರೋ ಆ ಮೂರು ಸೆಕೆಂಡನ್ನು ನಿಲ್ಲಿಸಿ ಚಿತ್ರ ತೆಗೆದು, ಕೆಂಪು ಗೆರೆ ಸುತ್ತಿ, 'ಮತಾಂತರದ ಏಜೆಂಟ್, ನಮ್ಮ ಏರಿಯಾದಲ್ಲೇ ಇದ್ದಾಳೆ' ಎಂದು ಬಡಾವಣೆಯ ಗ್ರೂಪಿಗೆ ಹಾಕಿದ್ದರು. ಮೀಡಿಯಾದವರು ಅಂತ ಗೌರವಕ್ಕೆ ಅವನನ್ನೂ ಸೇರಿಸಿಕೊಂಡಿದ್ದ ಗ್ರೂಪು ಅದು. ಭಾನುವಾರ ಹತ್ತಕ್ಕೆ ಎಲ್ಲರೂ ಶೆಡ್ ಹತ್ತಿರ ಬನ್ನಿ ಎಂದು ನಿನ್ನೆ ಮನೆ ಮಾಲೀಕ ಮುನಿರಾಜ ಅದರಲ್ಲೇ ಹಾಕಿದ್ದ. ಅವನು ಓದಿ, ತಿಳಿಯದೆ ಒಪ್ಪಿಗೆಯ ಹೆಬ್ಬೆರಳಿನ ಚಿಹ್ನೆ ಒತ್ತಿದ್ದ. ತಿಳಿಯದೆ ಎಂಬುದು ಅವನು ತನಗೆ ಹೇಳಿಕೊಂಡ ಮಾತು.

ಮೂರು ವರ್ಷದಿಂದ ಅವನ ಹೊಟ್ಟೆ ತುಂಬಿಸಿದ್ದು ಜಟ್ಟೆಮ್ಮನ ಜೋಳದ ರೊಟ್ಟಿ. ಮುನಿರಾಜನ ಕಟ್ಟಡದ ನೆಲಮಹಡಿಯ ಒಂದೇ ಕೋಣೆಯಲ್ಲಿ ಅವಳು ಬೆಳಗ್ಗೆ ಐದಕ್ಕೆ ಬಡಿಯಲು ಕೂತರೆ ಮೂರನೆಯ ಮಹಡಿಯ ಅವನ ಕೋಣೆಗೆ ಸದ್ದು ಕೇಳುತ್ತಿತ್ತು, ಆ ಸದ್ದಿನಲ್ಲೇ ಅವನು ಇನ್ನೊಂದು ನಿದ್ದೆ ತೆಗೆಯುತ್ತಿದ್ದ. ಅವಳ ಊರು ಅವನ ಊರಿಗೆ ನಾಲ್ಕು ಮೈಲಿ. ಊರಲ್ಲಾಗಿದ್ದರೆ ಅವಳ ಕೇರಿಯವರಿಗೆ ಅವನ ಮನೆಯವರು ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಇಲ್ಲಿ ಅವನು ಅವಳ ಹೊಸ್ತಿಲೊಳಗೆ ಚಕ್ಕಳಮಕ್ಕಳ ಹಾಕಿ ಕೂತು, ಚಿಗವ್ವ, ಇನ್ನೊಂದು ಹಾಕು ಅನ್ನುತ್ತಿದ್ದ. ತಾನು ಜಾತಿ ಬಿಟ್ಟವನು ಎಂದು ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಹೋದ ಯುಗಾದಿಗೆ ಅವ್ವ ಬಂದು ಹತ್ತು ದಿನ ಇದ್ದಳು. ಆ ಹತ್ತು ದಿನ ಅವನು ಜಟ್ಟೆಮ್ಮನ ಬಾಗಿಲ ಮುಂದೆ ಫೋನು ಕಿವಿಗಿಟ್ಟುಕೊಂಡು ಹಾದುಹೋದ, ಫೋನಿನಲ್ಲಿ ಯಾರೂ ಇರಲಿಲ್ಲ. ಅವ್ವ ಹೋದ ಮರುದಿನ ರೊಟ್ಟಿಗೆ ಹೋದಾಗ ಅವಳು ಏನೂ ಕೇಳಲಿಲ್ಲ, ತಟ್ಟೆಯಂಚಿಗೆ ಒಂದಿಷ್ಟು ಹೆಚ್ಚು ಶೇಂಗಾ ಹಿಂಡಿ ಹಾಕಿದಳು.

ಒಂಬತ್ತೂಕಾಲಿಗೆ ಅವನು ಅವಳ ಬಾಗಿಲಲ್ಲಿದ್ದ. ಅವಳು ಬೆತ್ತದ ಬುಟ್ಟಿಗೆ ಬಿಳಿ ಬಟ್ಟೆ ಹಾಸಿ ರೊಟ್ಟಿ ಜೋಡಿಸುತ್ತಿದ್ದಳು. ಗೋಡೆಯಲ್ಲಿ ಒಂದೇ ಮೊಳೆಗೆ ಎಲ್ಲಮ್ಮನ ಪಟವೂ ಶಿಲುಬೆಯ ಕ್ಯಾಲೆಂಡರೂ ತೂಗುತ್ತಿದ್ದವು. ಪಾಸ್ಟರ್ ಬರುವ ದಿನ ಅವಳು ಕ್ಯಾಲೆಂಡರನ್ನು ಮುಂದಕ್ಕೆ ಎಳೆಯುತ್ತಾಳೆ, ಮುನಿರಾಜನ ತಾಯಿ ಬರುವ ದಿನ ಎಲ್ಲಮ್ಮನನ್ನು.

"ಬಾ ತಮ್ಮಾ, ಕುಂದ್ರು. ಮೂರ ದಿನ ಆಯ್ತು, ಮಾರೀನೇ ಕಂಡಿಲ್ಲ ನಿಂದು. ಉಂಡು ಹೋಗು."

"ಹಸಿವಿಲ್ಲ ಚಿಗವ್ವ."

"ರೊಟ್ಟಿ ಉಳದಾವ, ತಿನ್ನು. ಮಂದಿ ಒಯ್ಯಾಕ ಬರವಲ್ರು." ತಟ್ಟೆ ಅವನ ಮುಂದಿಟ್ಟಳು. "ಟಿವ್ಯಾಗ ನನ್ನ ಮಾರಿ ತೋರ್ಸ್ಯಾರಂತ. ನೀ ಅಲ್ಲೇ ಕೆಲಸ ಮಾಡಾಂವ, ಯಾರ ಮಾಡ್ಯಾರಪ ಅದನ್ನ?"

ಅವಳು ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಸಿಟ್ಟೇನೂ ಕಾಣಲಿಲ್ಲ. ಹೇಳಬೇಕಾದ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಬಾಯಿ ತುಂಬಿತ್ತಾದ್ದರಿಂದ ಒಂದಿಷ್ಟು ಹೊತ್ತು ಸಿಕ್ಕಿತು. "ಆಫೀಸಿನ್ಯಾಗ ಬಾಳ ಮಂದಿ ಅದಾರ ಚಿಗವ್ವ. ಯಾರಂತ ಹೇಳಲಿ," ಎಂದ.

"ಹೌದನು," ಎಂದಳು ಅವಳು, ಬುಟ್ಟಿಯ ಕಡೆ ತಿರುಗಿ.

"ಇವತ್ತ ಅಲ್ಲಿ ಹೋಗಬ್ಯಾಡ."

"ಯಾಕ?"

"ಬಿಸಲ ಬಾಳ ಅದ."

ಅವಳು ಜೋರಾಗಿ ನಕ್ಕಳು. "ಯಾದಗಿರ್ಯಾಗ ಹುಟ್ಟಿದಾಕಿಗೆ ಬೆಂಗ್ಳೂರ ಬಿಸಲ ತೋರಸ್ತಿ ಏನ? ನಲವತ್ತ ಮಂದಿಗೆ ರೊಟ್ಟಿ ಮಾಡೀನಿ, ನಾ ಹೋಗಲಿಲ್ಲಂದ್ರ ಉಪಾಸ ಇರ್ತಾರ." ಬುಟ್ಟಿ ತಲೆಯ ಮೇಲೇರಿಸಿಕೊಂಡು ಬಾಗಿಲಲ್ಲಿ ನಿಂತಳು. "ಅಲ್ಲಿ ನನ್ನ ಹೆಸರ ಹಿಡದು ಕರೀತಾರ ತಮ್ಮಾ. ಊರಾಗ ಗುಡಿ ಕಟ್ಟಿ ಮ್ಯಾಲ ಕುಂತಾವ್ರು ಏನಂತ ಕರೀತಿದ್ರು, ನಿನಗೂ ಗೊತ್ತದಲ." ಗೊತ್ತಿತ್ತು. ಕಟ್ಟೆಯ ಮೇಲೆ ಕೂತವರಲ್ಲಿ ಅವನ ಅಪ್ಪನೂ ಒಬ್ಬ. ಮುನಿರಾಜನ ಗುಂಪು ಬರುತ್ತದೆ, ನಿನ್ನ ಚಿತ್ರ ಅವರ ಕೈಯಲ್ಲಿದೆ ಎಂಬ ಎರಡು ವಾಕ್ಯ ಸಾಕಾಗಿತ್ತು. ಅವರಿಗೆ ಚಿತ್ರ ಎಲ್ಲಿಂದ ಸಿಕ್ಕಿತು ಎಂದು ಅವಳು ಕೇಳುತ್ತಾಳೆ ಎಂಬ ಭಯಕ್ಕೆ ಅವನು ಆ ಎರಡು ವಾಕ್ಯವನ್ನೂ ನುಂಗಿದ. ಮೊಳಕಾಲು ನೋವಿಗೆ ಓಲಾಡುತ್ತ ಅವಳು ಬೀದಿಯ ತಿರುವಿನಲ್ಲಿ ಮರೆಯಾದಳು. ಅವನು ಉಳಿದ ರೊಟ್ಟಿಯನ್ನು ಪೂರ್ತಿ ತಿಂದ, ತಟ್ಟೆ ತೊಳೆದಿಟ್ಟ, ಆಮೇಲೆ ಓಡಿದ.

ಶೆಡ್ಡು ಮುನಿರಾಜನದೇ. ರಾಗಿ ಬೆಳೆಯುತ್ತಿದ್ದ ಅಜ್ಜನ ಹೊಲದಲ್ಲಿ ಈಗ ಅವನ ನಾಲ್ಕು ಕಟ್ಟಡಗಳಿವೆ. ಉಳಿದ ಮೂಲೆಯ ತಗಡಿನ ಶೆಡ್ಡನ್ನು ಎರಡು ವರ್ಷದಿಂದ ಪಾಸ್ಟರಿಗೆ ಬಾಡಿಗೆ ಕೊಟ್ಟಿದ್ದವನೂ ಅವನೇ. ಕ್ರಿಸ್‌ಮಸ್ಸಿಗೆ ಕೇಕು ತಿಂದಿದ್ದ. ಟಿವಿಯಲ್ಲಿ ಬಂದ ಮೇಲೆ ಊರಿನ ಹಳಬರು ಏನಪ್ಪ ಮುನಿರಾಜು, ಮುನೇಶ್ವರನ ಒಕ್ಕಲು ನೀನು, ನಿನ್ನ ಜಾಗದಲ್ಲೇ ಇದಾ ಎಂದು ಮುಖಕ್ಕೆ ಉಗಿದಿದ್ದರು. ಉಗಿಸಿಕೊಂಡವನಿಗೆ ತನ್ನ ಮುಖ ಒರೆಸಿಕೊಳ್ಳಬೇಕಿತ್ತು. ಲಕ್ಷ್ಮಿಕಾಂತ ಹೋಗುವಷ್ಟರಲ್ಲಿ ಶೆಡ್ಡಿನ ಬಾಗಿಲ ಹೊರಗೆ ಇಪ್ಪತ್ತು ಜನ, ಒಳಗಿನಿಂದ ಹೆಂಗಸರ ಚೀರಾಟ, ತಗಡಿಗೆ ಕಲ್ಲು ಬೀಳುವ ಸದ್ದು. ಪಾಸ್ಟರ್ ಈರೇಶ ಮೊದಲ ಏಟಿಗೇ ಹಿಂದಿನ ಗೋಡೆ ಹಾರಿದ್ದ; ಅವನ ಒಂದು ಬೂಟು ಗೋಡೆಯ ಮೇಲೆ ಉಳಿದಿತ್ತು. ಗಂಡಸರನ್ನು ಒಬ್ಬೊಬ್ಬರನ್ನಾಗಿ ಹೊರಗೆಳೆದು ಎರಡೆರಡು ಬಿಗಿದು ಓಡಿಸುತ್ತಿದ್ದರು. ನಿಂಗಣ್ಣ ಎಂಬ ಗಾರೆ ಕೆಲಸದವನ ಬೆನ್ನಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಮುರಿಯಿತು. ಮುರಿದ ಕಾಲು ಹಿಡಿದವನು ಅದರಿಂದಲೇ ಮತ್ತೆ ಚುಚ್ಚಿದ. ಲಕ್ಷ್ಮಿಕಾಂತ ಕಾಂಪೌಂಡಿಗೆ ಅಂಟಿಕೊಂಡು ನಿಂತ. ಅವರು ಕೂಗುತ್ತಿದ್ದ ಒಂದೊಂದು ಮಾತೂ ಅವನಿಗೆ ಪರಿಚಯವಿತ್ತು. ಡಾಲರ್ ದೇವರು. ಐನೂರು ಕುಟುಂಬ. ಪಕ್ಕದ ಬೀದಿಯಲ್ಲೇ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನೂ ಅವನಿಂದಲೇ ಕಲಿತಂತೆ ಕೂಗುತ್ತಿದ್ದರು.

ಜಟ್ಟೆಮ್ಮ ಓಡಿರಲಿಲ್ಲ. ಮೊಳಕಾಲು ಓಡುವಂಥದ್ದಲ್ಲ, ಬುಟ್ಟಿ ಬಿಟ್ಟು ಹೋಗುವ ಮನಸ್ಸೂ ಅವಳಿಗಿರಲಿಲ್ಲ. ಒಬ್ಬ ಫೋನನ್ನು ಅವಳ ಮುಖದ ಪಕ್ಕ ಹಿಡಿದು ಚಿತ್ರಕ್ಕೂ ಮುಖಕ್ಕೂ ತಾಳೆ ನೋಡಿ, "ಇವ್ಳೇ ಗುರು! ಇವ್ಳೇ ಲೀಡರ್ರು!" ಎಂದ. ಅಲ್ಲಿಯವರೆಗೆ ಚೆದುರಿದ್ದ ಕೈಗಳೆಲ್ಲ ಒಂದೇ ಕಡೆ ಬಂದವು. ಜಡೆ ಹಿಡಿದು ಹೊರಗೆಳೆದರು. ಡಾಲರ್ ಎಲ್ಲಿಟ್ಟಿದ್ದೀಯೇ ಎಂದು ಬುಟ್ಟಿ ಕವುಚಿ ರೊಟ್ಟಿಯನ್ನು ಒಂದೊಂದೇ ಮುರಿದು ನೋಡಿದರು, ಏನೂ ಸಿಗದ ಸಿಟ್ಟಿಗೆ ತುಳಿದರು. "ಬ್ಯಾಡ್ರಿ ಯಪ್ಪಾ, ತಿನ್ನೂದು ಅದು, ತುಳೀಬ್ಯಾಡ್ರಿ," ಎಂದು ಅವಳು ಕೈ ಅಡ್ಡ ಹಿಡಿದಳು. ಬೂಟು ಕೈಯ ಮೇಲೆ ಬಿತ್ತು. ಬಾಯಿಗೆ ಒಂದು ಏಟು ಬಿದ್ದು ರಕ್ತ ಗದ್ದದಿಂದ ರವಿಕೆಗಿಳಿಯಿತು. ಅವಳು ಕೂಗಲಿಲ್ಲ. ಪ್ರತಿ ಏಟಿಗೂ ಹೂಂ, ಹೂಂ ಅನ್ನುತ್ತಿದ್ದಳು. ಲಕ್ಷ್ಮಿಕಾಂತನಿಗೆ ಆ ಹೂಂ ಸಹಿಸಲಾಗಲಿಲ್ಲ. ಅವಳು ಒಮ್ಮೆ ಕೂಗಿಬಿಟ್ಟಿದ್ದರೆ ಅವನು ಅಲ್ಲೇ ನಿಂತಿರುತ್ತಿದ್ದನೋ ಏನೋ. "ಬಿಡಿ! ಬಿಡಿ ಆಕೆಯನ್ನು!" ಎಂದು ಕೂಗಿದ. ಬಾಯಿಗೆ ಬಂದದ್ದು ಟಿವಿಯ ದನಿ. ಹೆದರಿದಾಗಲೂ ಈಗ ಅವನಿಗೆ ಅದೇ ಬರುತ್ತದೆ.

ಇಪ್ಪತ್ತು ಜನ ಒಮ್ಮೆಗೇ ನಿಂತರು. ಕೆಲಸ ಮಾಡಿತು ಎಂದು ಒಂದು ಕ್ಷಣ ಅವನ ಎದೆ ಹಿಗ್ಗಿತು. ನಾನು ಹೇಡಿಯಲ್ಲ, ನಾನು ಬಿಡಿಸಿದೆ ಎಂಬ ಒಂದು ಬೆಚ್ಚನೆಯ ಸುಖ. ಮುನಿರಾಜ ತಿರುಗಿ ನೋಡಿ ಎರಡೂ ಕೈ ಚಾಚಿದ. "ಅಯ್ಯೋ, ನಮ್ ಟಿವಿ ಸಾರು! ಬನ್ನಿ ಸಾರ್ ಬನ್ನಿ. ದಾರಿ ಬಿಡ್ರೋ, ಎಲ್ಲಾ ಬೆಳಕಿಗೆ ತಂದೋರೇ ಇವ್ರು." ಜನ ಎರಡು ಭಾಗವಾಯಿತು. ಬೆನ್ನ ಹಿಂದೆ ಕೈಗಳು ಬಂದು ಮೆಲ್ಲನೆ, ಗೌರವದಿಂದ, ಅವನನ್ನು ಮುಂದಕ್ಕೆ ದಾಟಿಸಿದವು. ಅವಳು ಮುರಿದ ರೊಟ್ಟಿಗಳ ನಡುವೆ ಮೊಳಕಾಲೂರಿದ್ದಳು. ಒಂದು ಕಣ್ಣು ಮುಚ್ಚಿಹೋಗಿತ್ತು.

"ಇವ್ಳೇ ಅಲ್ವಾ ಸಾರ್ ನೀವ್ ತೋರ್ಸಿದ್ದು?" ಎಂದ ಮುನಿರಾಜ.

ಅವನು ಮುರಿದ ರೊಟ್ಟಿಗಳತ್ತ ಕಣ್ಣು ಹೊರಳಿಸಿದ.

"ಯಾಕ್ ಸಾರ್ ಸುಮ್ನಾದ್ರಿ?" ಹಿಂದಿನಿಂದ ಯಾರೋ. "ನಿಮ್ ಕಡೆಯೋಳಂತೆ? ದಿನಾ ಇವ್ಳ ಮನೇಲೇ ಊಟ ಅಂತಲ್ಲ?"

"ಏ ಮಗಾ, ಇವ್ನೂ ಇವ್ರ ಪೈಕಿ ಏನೋ ನೋಡೋ!"

ಗೌರವದಿಂದ ದಾಟಿಸಿದ ಕೈಗಳು ಈಗ ಬೆನ್ನ ಮೇಲೆ ಬೇರೆ ಥರ ಒತ್ತುತ್ತಿದ್ದವು. ಒಬ್ಬ ಅವನ ಅಂಗಿಯ ಕಾಲರಿನ ಹಿಂಭಾಗವನ್ನು ಎರಡು ಬೆರಳಲ್ಲಿ ಹಿಡಿದಿದ್ದ. ಮುನಿರಾಜ ನಗುತ್ತಲೇ, "ಸುಮ್ನಿರ್ರೋ, ಸಾರು ಅಂಥೋರಲ್ಲ. ಒಂದ್ ಏಟ್ ಬಿಡಿ ಸಾರ್, ಇವ್ರಿಗೂ ಸಮಾಧಾನ ಆಗ್ಲಿ," ಎಂದ. ಜಟ್ಟೆಮ್ಮ ತಲೆಯೆತ್ತಿ ತೆರೆದಿದ್ದ ಒಂದು ಕಣ್ಣಿನಿಂದ ಅವನನ್ನು ನೋಡಿದಳು. ಆ ಕಣ್ಣು ಬೇಡುತ್ತಿರಲಿಲ್ಲ. ಬೆಳಗ್ಗೆ ಬುಟ್ಟಿ ಜೋಡಿಸುವಾಗ ನೋಡಿದ ಹಾಗೇ ನೋಡುತ್ತಿತ್ತು. ಅದನ್ನು ಸಹಿಸುವುದು ಅವನಿಗೆ ಆಗಲಿಲ್ಲ. ಅವನು ಹೊಡೆದ. ಅಂಗೈ ಪೂರ್ತಿ ಚಾಚಿ, ಭುಜದಿಂದ ಬೀಸಿ, ಅವಳ ಎಡಗೆನ್ನೆಗೆ. ಇಲ್ಲಿಗೆ ಮುಗಿಯಲಿ ಎಂದು ಹೊಡೆದೆ, ನಾನು ಹೊಡೆದರೆ ಇವರು ಬಿಡುತ್ತಾರೆ ಎಂದು ಹೊಡೆದೆ ಎಂದು ಆಮೇಲೆ ತನಗೆ ತಾನೇ ನೂರು ಸಲ ಹೇಳಿಕೊಂಡ. ಬಿಟ್ಟದ್ದೂ ನಿಜ, ಜನ ಹೋ ಎಂದು ಕೂಗಿ ಒಮ್ಮೆಗೇ ಸಡಿಲಾಯಿತು. ಆದರೆ ಅಂಗೈಗೆ ಗೊತ್ತಿತ್ತು. ಗುರುವಾರದಿಂದ ಒಳಗೆ ಕುದಿಯುತ್ತಿದ್ದುದೆಲ್ಲ, ಹದಿನೆಂಟು ಸಲ ಓದಿಸಿದ ಮೇಡಂ ಮೇಲಿನದು, ಕತ್ತಿಯವನ ಮೇಲಿನದು, ತನ್ನ ಮೇಲಿನದು, ಶಿಲುಬೆಯ ಮುಂದೆ ಅಡ್ಡಬಿದ್ದ ಇವಳ ಮೇಲಿನದು, ಎಲ್ಲವೂ ಆ ಏಟಿನಲ್ಲಿ ಹೊರಗೆ ಬಂತು. ಬಂದಾಗ ಹಿತವೂ ಆಯಿತು. ಅವಳು ಹೂಂ ಅನ್ನಲಿಲ್ಲ. ಪಕ್ಕಕ್ಕೆ ಉರುಳಿದಳು. ಏಳೆಂಟು ಫೋನುಗಳು ಅದನ್ನು ಹಿಡಿದಿದ್ದವು.

ಪೊಲೀಸ್ ಜೀಪು ಬಂದಾಗ ಅಲ್ಲಿ ಉಳಿದಿದ್ದವರು ಅವರಿಬ್ಬರೇ. ಅವಳನ್ನು ಆಸ್ಪತ್ರೆಗೆ ಕರೆದೊಯ್ದು ಬಾಯಿಗೆ ಹೊಲಿಗೆ ಹಾಕಿಸಿ, ಮಧ್ಯಾಹ್ನದ ಹೊತ್ತಿಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದರು. ಎದುರು ಬೆಂಚಿನಲ್ಲಿ ಅವನು. ಇನ್ಸ್‌ಪೆಕ್ಟರು ಅವನನ್ನು ಸಾಕ್ಷಿ ಎಂದೇ ಕರೆತಂದಿದ್ದರು. ಅವನ ಫೋನು ಬಿಡುವಿಲ್ಲದೆ ನಡುಗುತ್ತಿತ್ತು. ಮೊದಲು ಪ್ರಿಯದರ್ಶಿನಿ ಮೇಡಂ: "ಸ್ಪಾಟ್‌ನಲ್ಲೇ ಇದ್ಯಂತೆ, ಸೂಪರ್, ಆ ಹೆಂಗಸಿನ ಬೈಟ್ ತಗೊಂಡ್ಬಿಡು, ಕ್ಯಾಮೆರಾಗೆ ಎರಡು ಮಾತು ಸಾಕು." ಅರ್ಧ ಗಂಟೆಗೆ ಮತ್ತೆ ಅವರೇ, ಬೇರೆ ದನಿಯಲ್ಲಿ: "ವಿಡಿಯೋ ನೋಡ್ದೆ. ನೀನು ನಮ್ ಸ್ಟಾಫ್ ಅಂತ ಎಲ್ಲೂ ಹೇಳ್ಬೇಡ. ಇವತ್ತಿಂದ ಆಫೀಸಿಗೆ ಬರ್ಬೇಡ." ಸೌಂದರ್ಯಾ ಫೋನ್ ಮಾಡಲಿಲ್ಲ, ಅವಳ ವೆಬ್‌ಸೈಟಿನಲ್ಲಿ ಸುದ್ದಿ ಆಗಲೇ ಬಂದಿತ್ತು. ಗುಂಪನ್ನು ಕರೆತಂದು ಮುಂದೆ ನಿಂತು ಹೊಡೆಸಿದವನು ಚಾನೆಲ್ಲಿನ ಎಡಿಟರ್ ಎಂದು. ಚಿತ್ರದಲ್ಲಿ ಅವನ ಕೈ ಮೇಲೆ ಇತ್ತು. ಉಳಿದವರ ಮುಖಗಳನ್ನೆಲ್ಲ ಅವರು ಮಸುಕು ಮಾಡಿದ್ದರು.

ಮುನಿರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ನಮ್ ಟೆನೆಂಟು ಸಾರ್, ಪಾಪ, ಒಬ್ಬಂಟಿ ಹೆಂಗ್ಸು, ವಿಷಯ ತಿಳಿದು ಓಡಿಬಂದೆ ಎಂದು ಇನ್ಸ್‌ಪೆಕ್ಟರಿಗೆ ಕೈಮುಗಿದು, ಜಟ್ಟೆಮ್ಮನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತ. ಅವನ ಬಲಗೈಯ ಗೆಣ್ಣು ಸುಲಿದಿತ್ತು.

"ಹೇಳಮ್ಮಾ, ಯಾರ್ಯಾರು ಹೊಡೆದ್ರು?" ಎಂದರು ಇನ್ಸ್‌ಪೆಕ್ಟರು, ಪೆನ್ನಿನ ಮುಚ್ಚಳ ತೆಗೆದು. "ಹೆದ್ರಬೇಡ. ಗೊತ್ತಿರೋ ಹೆಸರೆಲ್ಲ ಹೇಳು."

ಅವಳು ತುಟಿ ಅಲುಗಿಸಲು ಕಷ್ಟಪಟ್ಟಳು. ಮುನಿರಾಜನ ಕಡೆ ನೋಡಲಿಲ್ಲ. ಬೆರಳೆತ್ತಿ ಎದುರಿನ ಬೆಂಚು ತೋರಿಸಿದಳು. "ಇಂವ ಹೊಡದಾನ್ರಿ. ಲಕ್ಷ್ಮಿಕಾಂತ ಅಂತ."

"ಇನ್ಯಾರು?"

"ಇಂವ ಒಬ್ಬನ ರೀ."

ಇನ್ಸ್‌ಪೆಕ್ಟರು ಹುಬ್ಬೇರಿಸಿದರು. "ಒಬ್ಬ ಹೊಡೆದ್ರೆ ಇಷ್ಟು ಗಾಯ ಆಗುತ್ತೇನಮ್ಮಾ? ಏನ್ರೀ, ನೀವು ಪತ್ರಕರ್ತರು. ಅಲ್ಲೇ ಇದ್ರಿ. ನಿಜ ಹೇಳಿ, ಯಾರ್ಯಾರಿದ್ರು?" ಲಕ್ಷ್ಮಿಕಾಂತನಿಗೆ ಇಪ್ಪತ್ತು ಹೆಸರೂ ಬಾಯಿಗೆ ಬಂದವು. ಕುರ್ಚಿ ಮುರಿದವನು, ಜಡೆ ಹಿಡಿದವನು, ಈ ಇಸ್ತ್ರಿ ಅಂಗಿಯವನು. ಜೀವನದಲ್ಲಿ ಮೊದಲ ಸಲ ಯಾರೋ ಅವನಿಂದ ಬರೀ ನಿಜವನ್ನು ಕೇಳುತ್ತಿದ್ದರು. ಮುನಿರಾಜ ಮೀಸೆ ತೀಡಿಕೊಂಡ. ಆಗ ಜಟ್ಟೆಮ್ಮ ಲಕ್ಷ್ಮಿಕಾಂತನ ಕಡೆ ನೋಡಿ, ಇನ್ಸ್‌ಪೆಕ್ಟರಿಗೆ ಕಾಣದಷ್ಟು ಸಣ್ಣಗೆ, ತಲೆ ಅಡ್ಡ ಆಡಿಸಿದಳು. ಅವಳ ಒಲೆ ಮುನಿರಾಜನ ಕೋಣೆಯಲ್ಲಿದೆ, ಅವಳ ರೊಟ್ಟಿ ಕೊಳ್ಳುವವರು ಅವನ ಬೀದಿಯಲ್ಲಿದ್ದಾರೆ; ಇವನು ಹೆಸರು ಹೇಳಿ ಶುದ್ಧನಾದರೆ ನಾಳೆ ಅವಳು ಬೀದಿಗೆ. ಇವನೊಬ್ಬನೇ ಅವಳು ಹೆದರಬೇಕಿಲ್ಲದವನು.

"ನಾನೊಬ್ಬನ ರೀ," ಎಂದ ಅವನು. ಟಿವಿಯ ದನಿ ಬರಲಿಲ್ಲ.

ಇನ್ಸ್‌ಪೆಕ್ಟರು ಇಬ್ಬರನ್ನೂ ನೋಡಿ ನಿಟ್ಟುಸಿರುಬಿಟ್ಟು ಬರೆದುಕೊಂಡರು. ಬೆಲ್ಟು, ಫೋನು, ಪರ್ಸು ತೆಗೆದಿಡು ಎಂದು ಪೇದೆ ಹೇಳಿದ. ತೆಗೆದಿಟ್ಟು, ಅವಳ ಬೆಂಚಿನ ಮುಂದೆ ಹಾದುಹೋಗುವಾಗ ಅವನು ನಿಂತ. ಈಗಲಾದರೂ ಹೇಳಬೇಕು, ಹೇಳಿದರೆ ಏನೋ ಒಂದು ಹಗುರಾಗುತ್ತದೆ ಅನ್ನಿಸಿತು.

"ಚಿಗವ್ವ, ಆ ಟಿವ್ಯಾಗ ಬಂದಿದ್ದು..."

"ನಿನ್ನ ದನಿ ನನಗ ತಿಳೀತದಪ," ಎಂದಳು ಅವಳು, ಹೊಲಿಗೆಯ ಸಂದಿನಿಂದ. "ಗುರುವಾರನ ಗೊತ್ತಾಗ್ಯದ. ಇವತ್ತ ಹೇಳ್ತಿ ಅಂತ ಉಣ್ಣಾಕ ಹಾಕಿದ್ನಿ. ಯಾರ ಮಾಡ್ಯಾರಂತ ಕೇಳಿನೂ ಕೇಳಿದ್ನಿ."

ಪೇದೆ ಅವನ ರಟ್ಟೆ ಹಿಡಿದು ಒಳಗೆ ನಡೆಸಿದ. ಬಾಗಿಲ ಹೊರಗೆ, ಅವಳನ್ನು ಮನೆಗೆ ಬಿಡಲು, ಮುನಿರಾಜನ ಕಾರು ಕಾಯುತ್ತಿತ್ತು.